ಜೂನ್‌ನಲ್ಲಿ ಬರೋದಾ, ಡಿಸೆಂಬರ್‌ನಲ್ಲಿ ಬರೋದಾ? ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಕಡೆ ಮಳೆ, ತಿರುಗಾಟ, ಊಟ

ಪ್ರಶ್ನೆ: ನಾವು ಕುಂದಾಪುರದ ಹತ್ತಿರದವರು. ಮಗಳು ಯಲಹಂಕದಲ್ಲಿ ಇದ್ದಾಳೆ, ಜೂನ್ ಕೊನೇ ವಾರ ಅವಳ ಮನೆಗೆ ಬರುವವರಿದ್ದೇವೆ. ಆಗ ಚಿಕ್ಕಬಳ್ಳಾಪುರ, ಕೋಲಾರ, ತುಮಕೂರು ಕಡೆ ಎರಡು ಮೂರು ದಿನ ಸುತ್ತಾಡಬೇಕು ಅಂತ ಆಸೆ. ಆದರೆ ಜೂನ್ ಅಂದರೆ ಮಳೆ ಅಲ್ವಾ, ತಿರುಗಾಡ್ಲಿಕ್ಕೆ ಆಗ್ತದಾ? ಅಥವಾ ಡಿಸೆಂಬರ್‌ನಲ್ಲಿ ಬರೋದೇ ಒಳ್ಳೇದಾ? ಆ ಕಡೆದ್ದೇ ಅಂತ ಏನು ತಿನ್ನಬೇಕು? ಇನ್ನೊಂದು, ಕಳೆದ ಸಲ ಆಗಸ್ಟ್‌ನಲ್ಲಿ ಬಂದಾಗ ಮಗಳು ಅವರೆಕಾಳು ಸಾರು ಮಾಡಿದ್ದಳು, ಎಲ್ಲರೂ ಹೇಳುವ ಆ ಸೊಗಡು ಏನೂ ಬರಲೇ ಇಲ್ಲ. ಯಾಕೆ?

ಉತ್ತರ:

ಮೇಡಂ, ಮೊದ್ಲು ಮಳೆ ವಿಚಾರ ಮುಗಿಸಿಬಿಡ್ತೀನಿ, ಯಾಕಂದ್ರೆ ನೀವು ಹೆದರ್ತಿರೋದು ನಿಮ್ಮೂರ ಮಳೆಗೆ, ನಮ್ಮೂರ ಮಳೆಗಲ್ಲ. ಜೂನ್ ಒಂದೇ ತಿಂಗಳಲ್ಲಿ ನಿಮ್ಮ ಕಡೆ ಸಾವಿರ ಮಿಲಿಮೀಟರ್ ದಾಟುತ್ತೆ. ಕೋಲಾರ ಚಿಕ್ಕಬಳ್ಳಾಪುರದಲ್ಲಿ ಇಡೀ ವರ್ಷ ಸೇರಿಸಿದ್ರೂ ಬೀಳೋದು ಸುಮಾರು 700ರಿಂದ 750 ಮಿಲಿಮೀಟರ್ ಅಷ್ಟೇ, ತುಮಕೂರು ಜಿಲ್ಲೆಯ ಪಾವಗಡ, ಶಿರಾ ಕಡೆ ಹೋದ್ರೆ ಇನ್ನೂ ಕಮ್ಮಿ. ಅಂದ್ರೆ ನೀವು ಒಂದು ತಿಂಗಳಲ್ಲಿ ನೋಡೋ ಮಳೆಯನ್ನ ನಾವು ವರ್ಷವೆಲ್ಲಾ ಕಾದ್ರೂ ನೋಡಲ್ಲ. ಕಾರಣ ನಿಮಗೆ ಗೊತ್ತಿರೋದೇ, ಅರಬ್ಬೀ ಸಮುದ್ರದಿಂದ ಬಂದ ಮೋಡ ಘಟ್ಟ ಹತ್ತುವಾಗ್ಲೇ ತಣ್ಣಗಾಗಿ ಇರೋ ನೀರೆಲ್ಲಾ ಸುರಿಸಿಬಿಡುತ್ತೆ, ಘಟ್ಟ ಇಳಿದು ನಮ್ಮ ಕಡೆ ಬರೋ ಹೊತ್ತಿಗೆ ಉಳಿಯೋದು ಬರೀ ಗಾಳಿ.

ಆ ಗಾಳಿ ಮಾತ್ರ ಜೋರಾಗಿರುತ್ತೆ, ಆಷಾಢದ ಗಾಳಿ ಅಂತೀವಿ. ಜೂನ್ ಕೊನೆಯಿಂದ ಆಗಸ್ಟ್‌ವರೆಗೂ ಪಡುವಲ ಕಡೆಯಿಂದ ಹಗಲೂ ರಾತ್ರಿ ಬೀಸ್ತಾನೇ ಇರುತ್ತೆ, ಒಣಗಾಕಿದ ಬಟ್ಟೆ ಪಕ್ಕದ ಮನೆ ತಾರಸೀಲಿ ಸಿಗುತ್ತೆ, ಆಕಾಶದ ತುಂಬಾ ಮೋಡ ಇರುತ್ತೆ, ಆದ್ರೆ ಬೀಳೋದು ತುಂತುರು, ಅದೂ ನಿಂತು ನಿಂತು. ಬಿಸಿಲು ಇರಲ್ಲ, ಸೆಕೆ ಇರಲ್ಲ, ಬೆವರಂತೂ ಬರೋದೇ ಇಲ್ಲ, ತಿರುಗಾಡೋಕೆ ನಿಜಕ್ಕೂ ಚೆನ್ನಾಗಿರುತ್ತೆ. ಛತ್ರಿ ತರಬೇಡಿ, ಗಾಳಿಗೆ ಮಗುಚಿಕೊಳ್ಳುತ್ತೆ. ಒಂದು ಜರ್ಕಿನ್ ಸಾಕು, ಕಿವಿಗೆ ಕಟ್ಟೋಕೆ ಒಂದು ಸ್ಕಾರ್ಫ್.

ನಮಗೆ ನಿಜವಾದ ಮಳೆ ಬರೋದು ಎರಡು ಸಲ. ಏಪ್ರಿಲ್ ಕೊನೆಯಿಂದ ಮೇವರೆಗೆ ಒಂದು, ಭರಣಿ ಕೃತ್ತಿಕೆ ಮಳೆಗಳು, ಮಧ್ಯಾಹ್ನದ ತನಕ ಕಾದ ಹೆಂಚಿನ ಥರ ಬಿಸಿಲು, ಸಂಜೆ ಗುಡುಗು ಸಿಡಿಲು ಬಿರುಗಾಳಿ, ಕೆಲವು ಸಲ ಆಲಿಕಲ್ಲು. ಆಮೇಲೆ ಸೆಪ್ಟೆಂಬರ್, ಅಕ್ಟೋಬರ್. ಉತ್ತರೆ, ಹಸ್ತ, ಚಿತ್ತ ಮಳೆಗಳು, ಇವೇ ನಮ್ಮ ಕೆರೆ ತುಂಬಿಸೋವು, ರಾಗಿ ಕೈ ಹಿಡಿಯೋವು. ಮುಂಗಾರಿನ ಗಾಳಿ ಆಗ ಸೋತಿರುತ್ತೆ, ಹಗಲು ನೆಲ ಕಾದು ಸಂಜೆ ಹೊತ್ತಿಗೆ ಮೋಡ ಎದ್ದು ಸುರಿಯುತ್ತೆ. ನವೆಂಬರ್‌ನಲ್ಲಿ ಬಂಗಾಳ ಕೊಲ್ಲಿ ಕಡೆ ವಾಯುಭಾರ ಕುಸಿತ ಆದ್ರೆ ಚೆನ್ನೈಗೆ ಬಂದ ಮಳೆಯ ಬಾಲ ಕೋಲಾರದವರೆಗೂ ಬರುತ್ತೆ. 2021ರ ನವೆಂಬರ್‌ನಲ್ಲಿ ಹಾಗೇ ಆಗಿ ಎಷ್ಟೋ ವರ್ಷದಿಂದ ಒಣಗಿ ಬಿದ್ದಿದ್ದ ಕೆರೆಗಳೆಲ್ಲಾ ಕೋಡಿ ಹರಿದ್ವು, ಜನ ಕುಟುಂಬ ಸಮೇತ ಕೋಡಿ ನೋಡೋಕೆ ಹೋಗ್ತಿದ್ರು. ಹಾಗಾಗಿ ಮಳೆ ಲೆಕ್ಕದಲ್ಲಿ ನೀವು ತಪ್ಪಿಸಬೇಕಾದ್ದು ಜೂನ್ ಅಲ್ಲ, ಸೆಪ್ಟೆಂಬರ್ ಅಕ್ಟೋಬರ್‌ನ ಸಂಜೆಗಳು.

ಈಗ ನಿಮ್ಮ ಅಸಲಿ ಪ್ರಶ್ನೆ, ಜೂನಾ ಡಿಸೆಂಬರಾ. ಇದನ್ನ ಬರೀ ಹವಾ ನೋಡಿ ತೀರ್ಮಾನ ಮಾಡೋದು ನನಗೆ ಸರಿ ಅನ್ನಿಸಲ್ಲ. ನಮ್ಮದು ಬಯಲುಸೀಮೆ, ಇಲ್ಲಿ ತಟ್ಟೇಲಿ ಏನಿರುತ್ತೆ ಅನ್ನೋದನ್ನ ಆಯಾ ತಿಂಗಳ ಹೊಲ ತೋಟ ಹೇಳುತ್ತೆ, ಹೋಟೆಲ್ ಮೆನು ಅಲ್ಲ. ಬೆಟ್ಟ ದೇವಸ್ಥಾನ ವರ್ಷವೆಲ್ಲಾ ಅಲ್ಲೇ ಇರ್ತವೆ. ಮಾವು, ಹಲಸು ಬೇಕಂದ್ರೆ ಜೂನ್, ಅವರೆ ಬೇಕಂದ್ರೆ ಡಿಸೆಂಬರ್ ಕೊನೆಯಿಂದ ಸಂಕ್ರಾಂತಿ. ನನ್ನ ಕೇಳಿದ್ರೆ ಎರಡರಲ್ಲಿ ಡಿಸೆಂಬರ್‌ಗೇ ನನ್ನ ಓಟು, ಆದ್ರೆ ಜೂನ್‌ನಲ್ಲಿ ಮಗಳ ಮನೆಗೆ ಹೇಗಿದ್ರೂ ಬರ್ತಿದೀರಲ್ಲ, ಅದನ್ನ ಯಾಕೆ ಬಿಡಬೇಕು.

ಜೂನ್ ಕೊನೇ ವಾರ ನಿಮ್ಮ ಕಡೆ ಮಾವಿನ ಹಣ್ಣು ಮುಗಿದೇ ಹೋಗಿರುತ್ತೆ, ಮೊದಲ ಮಳೆಗೇ ಹುಳ ಬೀಳುತ್ತೆ. ನಮ್ಮ ಶ್ರೀನಿವಾಸಪುರದಲ್ಲಿ ಆಗ ಇನ್ನೂ ಮಂಡಿಗಳು ತುಂಬಿರ್ತವೆ. ಕೋಲಾರದ ಮಾವು ತಡ ಮಾವು, ಮೇ ನಡುವೆ ಶುರುವಾಗಿ ಜುಲೈವರೆಗೆ ಬರುತ್ತೆ. ಕೊನೇ ವಾರದಲ್ಲಿ ಬಾದಾಮಿ ಕಡೇ ಕೊಯ್ಲಿನದು ಅಲ್ಲಿ ಇಲ್ಲಿ ಸಿಗಬಹುದು, ಮಲ್ಲಿಕಾ, ನೀಲಂ, ತೋತಾಪುರಿ ಧಾರಾಳ. ಮಲ್ಲಿಕಾ ಬಿಡಬೇಡಿ, ಬಾದಾಮಿ ಹೆಸರು ದೊಡ್ಡದು ನಿಜ, ಆದ್ರೆ ಚೆನ್ನಾಗಿ ಮಾಗಿದ ಮಲ್ಲಿಕಾ ಮುಂದೆ ನನಗೆ ಬಾದಾಮಿ ಎರಡನೇದೇ. ತೋತಾಪುರಿ ಲಾರಿಗಟ್ಟಲೆ ಚಿತ್ತೂರು ಕಡೆ ಪಲ್ಪ್ ಫ್ಯಾಕ್ಟರಿಗೆ ಹೋಗುತ್ತೆ, ಅದೇ ತೋತಾಪುರಿ ದೋರೆಗಾಯಿ ಹೋಳು ಮಾಡಿ ಉಪ್ಪು ಖಾರ ಸವರಿಕೊಂಡು ರೋಡ್ ಪಕ್ಕ ನಿಂತು ತಿನ್ನಬೇಕು.

ಹಣ್ಣು ತಗೊಳ್ಳುವಾಗ ಸ್ವಲ್ಪ ಹುಷಾರು. ಹೊರಗೆಲ್ಲಾ ಒಂದೇ ಸಮ ಹಳದಿ, ಮೂಗಿನ ಹತ್ರ ಹಿಡಿದ್ರೆ ವಾಸನೆ ಇಲ್ಲ ಅಂದ್ರೆ ಬಲವಂತಕ್ಕೆ ಹಣ್ಣು ಮಾಡಿರೋದು, ಒಳಗೆ ಹುಳಿ ಇರುತ್ತೆ. ತೊಟ್ಟಿನ ಹತ್ರ ಭುಜ ತುಂಬಿಕೊಂಡು ತೊಟ್ಟು ಒಳಗೆ ಕೂತಂಗೆ ಇರೋ ಗಟ್ಟಿಕಾಯಿ ತಗೊಂಡು ಮನೇಲಿ ಹುಲ್ಲಿನಲ್ಲೋ ಪೇಪರಿನಲ್ಲೋ ಹಾಕಿಟ್ರೆ ಐದಾರು ದಿನಕ್ಕೆ ಮನೆಯೆಲ್ಲಾ ಘಮ ಅನ್ನುತ್ತೆ. ಮಳೆ ಬಿದ್ದ ಮೇಲೆ ಇಲ್ಲೂ ಹಣ್ಣುನೊಣ ಬರುತ್ತೆ, ಸಿಪ್ಪೆ ಮೇಲೆ ಸೂಜಿ ಚುಚ್ಚಿದಂಗೆ ಚುಕ್ಕೆ, ಒತ್ತಿದ್ರೆ ಅಲ್ಲಿ ಮಾತ್ರ ಮೆತ್ತಗೆ, ಅಂಥದ್ದು ಪಕ್ಕಕ್ಕಿಡಿ.

ಶ್ರೀನಿವಾಸಪುರಕ್ಕೆ ಹೋಗೋ ದಾರಿ ಕೋಲಾರದ ಮೇಲೆ, ಕೋಲಾರಕ್ಕೆ ಬೆಂಗಳೂರಿಂದ 70 ಕಿಲೋಮೀಟರ್ ಒಳಗೇ. ಊರಲ್ಲಿ ಕೋಲಾರಮ್ಮನ ಗುಡಿ, ಸೋಮೇಶ್ವರ ದೇವಸ್ಥಾನದ ಕಲ್ಯಾಣ ಮಂಟಪ ನೋಡಿ, ಆ ಕಂಬದ ಕೆತ್ತನೆಗೆ ಅರ್ಧ ಗಂಟೆ ಕೊಡಿ. ಅಂತರಗಂಗೆಗೆ ಮೆಟ್ಟಿಲು ಹತ್ತಬೇಕು, ಬಸವಣ್ಣನ ಬಾಯಿಂದ ನೀರು ಬರುತ್ತೆ, ಕೋತಿಗಳಿವೆ, ಕೈಯಲ್ಲಿ ಕವರ್ ಹಿಡ್ಕೊಂಡು ಹೋಗಬೇಡಿ. ಇನ್ನೂ ಮುಂದೆ ಹೋದ್ರೆ ಮುಳಬಾಗಿಲು. ಮುಳಬಾಗಿಲು ದೋಸೆ ಬೆಂಗಳೂರಲ್ಲೂ ಬೋರ್ಡ್ ಹಾಕ್ತಾರೆ, ಆದ್ರೆ ಆ ಊರಲ್ಲಿ ತಿನ್ನೋದೇ ಬೇರೆ. ನಿಮ್ಮ ನೀರುದೋಸೆಗೆ ಪೂರ್ತಿ ವಿರುದ್ಧ ಅಂತ ಇಟ್ಕೊಳ್ಳಿ: ದಪ್ಪ, ತಳ ಕೆಂಪಗೆ ಗರಿಗರಿ, ಮೇಲ್ಗಡೆ ಸ್ಪಂಜಿನಂಗೆ ಮೆತ್ತಗೆ, ತುಪ್ಪ ಧಾರಾಳವಾಗಿ ಬಿಟ್ಟಿರ್ತಾರೆ, ಒಳಗೆ ಕೆಂಪು ಖಾರ. ಬೆಳಿಗ್ಗೆ ಹೊತ್ತಲ್ಲೇ ಹೋಗಿ. ಅಲ್ಲಿಂದ ಕುರುಡುಮಲೆ ಗಣಪತಿ ಹತ್ರಾನೇ, ಒಂದೇ ಕಲ್ಲಲ್ಲಿ ಕಡೆದಿರೋ ಆಳೆತ್ತರಕ್ಕೂ ಮೀರಿದ ಗಣಪ. ಆ ಕಡೆ ಅಂಗಡೀಲಿ, ಬಸ್ಸಲ್ಲಿ ನಿಮ್ಮನ್ನ ತೆಲುಗಲ್ಲಿ ಮಾತಾಡಿಸಿದ್ರೆ ಗಾಬರಿ ಆಗಬೇಡಿ, ಕೋಲಾರ ಚಿಕ್ಕಬಳ್ಳಾಪುರದಲ್ಲಿ ಎಷ್ಟೋ ಮನೆಗಳಲ್ಲಿ ಎರಡೂ ಭಾಷೆ ಬೆರೆತುಹೋಗಿವೆ, ನೀವು ಕನ್ನಡದಲ್ಲಿ ಕೇಳಿದ್ರೆ ಕನ್ನಡದಲ್ಲೇ ಉತ್ತರ ಕೊಡ್ತಾರೆ.

ನಂದಿ ಬೆಟ್ಟದ ಬಗ್ಗೆ ಒಂದು ಮಾತು, ಯಾಕಂದ್ರೆ ಯಲಹಂಕದಿಂದ ಹತ್ರ, ಮಗಳು ಮೊದಲು ಅಲ್ಲಿಗೇ ಕರ್ಕೊಂಡು ಹೋಗೋದು. ಎತ್ತರ 1478 ಮೀಟರ್. ಜೂನ್ ಜುಲೈನಲ್ಲಿ ಬೆಳಿಗ್ಗೆ ಹೋದ್ರೆ ನೀವು ಮೋಡದ ಒಳಗೇ ಇರ್ತೀರ, ಹತ್ತು ಅಡಿ ಮುಂದೆ ಹೋಗ್ತಿರೋರು ಕಾಣಲ್ಲ, ಕನ್ನಡಕ ಒದ್ದೆ, ಕೂದಲು ಒದ್ದೆ, ಮರದ ಎಲೆಯಿಂದ ನೀರು ತೊಟ್ಟಿಕ್ತಿರುತ್ತೆ, ಸೂರ್ಯೋದಯ ಅನ್ನೋದು ಬಿಳೀ ಬಣ್ಣ ಸ್ವಲ್ಪ ಜಾಸ್ತಿ ಬೆಳ್ಳಗಾಗೋದು ಅಷ್ಟೇ. ಅದೂ ಚೆಂದವೇ, ಆದ್ರೆ ಫೋಟೋದಲ್ಲಿ ನೋಡಿರೋ ನಂದಿ ಅದಲ್ಲ. ಫೋಟೋದ ನಂದಿ ಬೇಕಂದ್ರೆ ಡಿಸೆಂಬರ್ ಜನವರಿ: ರಾತ್ರಿ ಆಕಾಶ ತಿಳಿಯಾಗಿರುತ್ತೆ, ನೆಲದ ಬಿಸಿ ಎಲ್ಲಾ ಮೇಲಕ್ಕೆ ಹೋಗಿಬಿಡುತ್ತೆ, ತಣ್ಣನೆ ಗಾಳಿ ಭಾರ ಅಲ್ವಾ, ಅದು ಇಳಿದು ಕಣಿವೇಲಿ ನಿಲ್ಲುತ್ತೆ, ಅಲ್ಲೇ ಮಂಜು ಕಟ್ಟುತ್ತೆ. ನೀವು ಮೇಲೆ, ಮಂಜು ಕೆಳಗೆ. ಭಾನುವಾರ ಮಾತ್ರ ಬೇಡ, ಕತ್ತಲಲ್ಲೇ ಗಾಡಿ ಸಾಲು ಶುರುವಾಗುತ್ತೆ, ವಾರದ ನಡುವೆ ಹೋಗಿ. ಬೆಟ್ಟ ಇಳಿದ ಮೇಲೆ ನಂದಿ ಗ್ರಾಮದ ಭೋಗನಂದೀಶ್ವರ ದೇವಸ್ಥಾನ ಬಿಟ್ಟು ಬರೋರು ತುಂಬಾ ಜನ, ನನಗೆ ಅದು ಬೇಜಾರು. ಅರುಣಾಚಲೇಶ್ವರ, ಭೋಗನಂದೀಶ್ವರ ಎರಡು ಗುಡಿ, ನಡುವೆ ಉಮಾಮಹೇಶ್ವರ, 9ನೇ ಶತಮಾನದಷ್ಟು ಹಳೇದು. ಪಕ್ಕದಲ್ಲಿ ಶೃಂಗಿ ತೀರ್ಥ ಅನ್ನೋ ಕಲ್ಯಾಣಿ, ಮೆಟ್ಟಿಲ ಮೇಲೆ ಸುಮ್ನೆ ಕೂತ್ಕೊಂಡ್ರೆ ಸಾಕು. ಇಂಜಿನಿಯರ್ ಸರ್ ಎಂ. ವಿಶ್ವೇಶ್ವರಯ್ಯನವರು ಹುಟ್ಟಿದ ಮುದ್ದೇನಹಳ್ಳಿಯೂ ಆ ಸುತ್ತಿನಲ್ಲೇ.

ಈಗ ಅವರೆ. ನಿಮ್ಮ ಪ್ರಶ್ನೇಲಿ ನನಗೆ ತುಂಬಾ ಇಷ್ಟ ಆಗಿದ್ದು ಇದೇ, ಬೆಳೆ ಮತ್ತು ಹವಾಮಾನದ ಕೆಲಸದಲ್ಲೇ ಇರೋನಿಗೆ ಇದಕ್ಕಿಂತ ಒಳ್ಳೇ ಪ್ರಶ್ನೆ ಯಾರು ಕೇಳ್ತಾರೆ.

ನಾಟಿ ಅವರೆ ಗಿಡ ಹಗಲಿನ ಉದ್ದ ನೋಡ್ಕೊಂಡು ಹೂ ಬಿಡೋ ಗಿಡ. ಜುಲೈ ಆಗಸ್ಟ್‌ನಲ್ಲಿ ರಾಗಿ ಬಿತ್ತುವಾಗ ನಡುನಡುವೆ ಅಕ್ಕಡಿ ಸಾಲು ಅಂತ ಬಿಡ್ತಾರೆ, ಆ ಸಾಲಲ್ಲಿ ಅವರೆ, ತೊಗರಿ, ಹುಚ್ಚೆಳ್ಳು ಹಾಕ್ತಾರೆ. ರಾಗಿ ಬೆಳೀತಿರುವಾಗ ಅವರೆ ಸುಮ್ನೆ ಬಳ್ಳಿ ಬಿಟ್ಕೊಂಡು ಕಾಯ್ತಿರುತ್ತೆ, ಹಗಲು ಚಿಕ್ಕದಾಗ್ತಾ ಬಂದಂಗೆ ಅಕ್ಟೋಬರ್ ನವೆಂಬರ್‌ಗೆ ಹೂ ಕಚ್ಚುತ್ತೆ. ಅಷ್ಟರಲ್ಲಿ ರಾಗಿ ಕೊಯ್ಲು, ಹೊಲ ಖಾಲಿ, ಮಳೆ ನಿಂತಿರುತ್ತೆ, ಅಲ್ಲಿಂದ ಮುಂದೆ ಅವರೆಗೆ ಮಣ್ಣಲ್ಲಿ ಉಳಿದ ತೇವ ಮತ್ತು ಇಬ್ಬನಿಯೇ ಗತಿ. ಕಾಯಿ ಬರೋದು ಡಿಸೆಂಬರ್, ಜನವರಿಗೆ. ಸೊಗಡು ಅನ್ನೋದು ಕಾಳಲ್ಲಿ ಇರೋದಕ್ಕಿಂತ ಕಾಯಿ ಸಿಪ್ಪೆ ಮೇಲೆ ಇರೋ ಎಣ್ಣೆ ಅಂಶದಲ್ಲಿ ಇರೋದು, ಒಂದು ಥರ ಕೊಬ್ಬಿನ ಆಮ್ಲಗಳು ಅವು. ಒಳ್ಳೇ ಕಾಯಿ ಹಿಡಿದ್ರೆ ಬೆರಳು ಅಂಟಂಟಾಗುತ್ತೆ, ಸುಲಿದು ಮುಗಿಸಿ ಸೋಪು ಹಾಕಿ ತೊಳೆದ್ರೂ ರಾತ್ರಿ ತನಕ ಕೈ ಘಮ್ ಅಂತಿರುತ್ತೆ. ಇಬ್ಬನಿ ಚೆನ್ನಾಗಿ ಬಿದ್ದ ವರ್ಷ ಸೊಗಡು ಜಾಸ್ತಿ ಅಂತ ನಮ್ಮ ರೈತರೆಲ್ಲಾ ಹೇಳ್ತಾರೆ.

ಆಗಸ್ಟ್‌ನಲ್ಲಿ ನಿಮಗೆ ಸಿಕ್ಕಿದ್ದು ಬಹುಶಃ ಹೆಬ್ಬಾಳ ಅವರೆ. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದವರು ಹಗಲಿನ ಉದ್ದದ ಹಂಗಿಲ್ಲದೆ ಯಾವ ತಿಂಗಳು ಬಿತ್ತಿದ್ರೂ ಹೂ ಬಿಡೋ ತಳಿ ಮಾಡಿದ್ರು, ಎಚ್‌ಎ 3, ಎಚ್‌ಎ 4 ಅಂತ. ರೈತರಿಗೆ ಅದು ದೊಡ್ಡ ಉಪಕಾರ, ವರ್ಷವೆಲ್ಲಾ ಬೆಳೀಬಹುದು, ಮಾರುಕಟ್ಟೇಲಿ ಯಾವಾಗ ಹೋದ್ರೂ ಅವರೆ ಇರುತ್ತೆ. ಆದ್ರೆ ಚಳಿಗಾಲದ ನಾಟಿ ಅವರೆಯಷ್ಟು ಸೊಗಡು ಸಾಮಾನ್ಯವಾಗಿ ಅದಕ್ಕೆ ಇರಲ್ಲ. ಜೊತೆಗೆ ಸುಲಿದ ಕಾಳು ಪ್ಯಾಕೆಟ್‌ನಲ್ಲಿ ತಂದು ಫ್ರಿಜ್‌ನಲ್ಲಿ ಇಟ್ಟಿದ್ರೆ ಮುಗೀತು, ಸೊಗಡು ಸಿಪ್ಪೆ ಜೊತೆಗೇ ಹೋಗಿರುತ್ತೆ. ಮಗಳ ಅಡುಗೇಲಿ ಏನೂ ತಪ್ಪಿಲ್ಲ ಅಂತ ಅವರಿಗೆ ಹೇಳಿ.

ಡಿಸೆಂಬರ್‌ನಲ್ಲಿ ಬಂದ್ರೆ ಕಾಯಿಯನ್ನೇ ತಗೊಳ್ಳಿ, ಬೆಳಿಗ್ಗೆ ಹೊತ್ತು ಚಿಕ್ಕಬಳ್ಳಾಪುರ ಅಥವಾ ಚಿಂತಾಮಣಿ ರೋಡಲ್ಲಿ ಚೀಲ ಬಿಚ್ಚಿ ಕೂತಿರ್ತಾರೆ. ಮೂಸಿ ನೋಡೋದಕ್ಕೆ ಯಾರೂ ಬೇಡ ಅನ್ನಲ್ಲ, ಎಲ್ಲರೂ ಮೂಸಿಯೇ ತಗೊಳ್ಳೋದು. ಒಂದೆರಡು ಕಾಯಲ್ಲಿ ಹುಳ ಕಂಡ್ರೆ ಅಸಹ್ಯ ಪಟ್ಕೋಬೇಡಿ, ಹೊಲದ ಅವರೇಲಿ ಅದು ಇದ್ದದ್ದೇ, ಆರಿಸಿ ಬಿಸಾಕಿದ್ರಾಯ್ತು. ಹಿತಕಿದ ಬೇಳೆ ಮಾಡಬೇಕಂದ್ರೆ ಬಲಿತ ಕಾಳು ಬೇಕು, ರಾತ್ರಿ ನೀರಲ್ಲಿ ನೆನೆಹಾಕಿ, ಬೆಳಿಗ್ಗೆ ಒಂದೊಂದು ಕಾಳನ್ನೂ ಹೆಬ್ಬೆರಳು ತೋರುಬೆರಳ ನಡುವೆ ಇಟ್ಟು ಮೂತಿ ಮುಂದೆ ಮಾಡಿ ಒತ್ತಿದ್ರೆ ಸಿಪ್ಪೆ ಕೈಯಲ್ಲೇ ಉಳಿದು ಬೇಳೆ ಪುಳಕ್ ಅಂತ ಆಚೆ ಹಾರುತ್ತೆ, ಪಾತ್ರೆ ಎದುರಿಗೇ ಇಟ್ಕೊಳ್ಳಿ ಇಲ್ಲಾಂದ್ರೆ ಅರ್ಧ ಬೇಳೆ ಸೋಫಾ ಕೆಳಗೆ. ಒಬ್ಬರೇ ಮಾಡೋ ಕೆಲಸ ಅಲ್ಲ ಅದು, ಮನೆಮಂದಿಯೆಲ್ಲಾ ಕೂತು ಮಾತಾಡ್ತಾ ಹಿತುಕಬೇಕು. ಸಾರಿಗೆ ತೆಂಗಿನಕಾಯಿ, ಈರುಳ್ಳಿ, ಬೆಳ್ಳುಳ್ಳಿ, ಶುಂಠಿ, ಕೊತ್ತಂಬರಿ, ಚಕ್ಕೆ ಲವಂಗ, ಒಂದಿಷ್ಟು ಗಸಗಸೆ ರುಬ್ಬಿ ಹಾಕ್ತಾರೆ. ಕುಕ್ಕರ್ ಬೇಡವೇ ಬೇಡ, ಬೇಳೆ ಕರಗಿ ಗಂಜಿ ಆಗುತ್ತೆ, ತೆರೆದ ಪಾತ್ರೇಲಿ ಸಣ್ಣ ಉರಿ.

ಅದಕ್ಕೆ ಜೊತೆ ರಾಗಿ ಮುದ್ದೆ. ಕುಚ್ಚಲಕ್ಕಿ ಅನ್ನ ತಿಂದು ಅಭ್ಯಾಸ ಇರೋರಿಗೆ ಮೊದಲ ತುತ್ತು ಕಷ್ಟ ಅನ್ನಿಸಬಹುದು, ಯಾಕಂದ್ರೆ ಅಗಿಯೋಕೆ ಹೋಗ್ತೀರ. ಅಗಿಯಬೇಡಿ, ಹಲ್ಲಿಗೆಲ್ಲಾ ಮೆತ್ಕೊಳ್ಳುತ್ತೆ. ಗೋಲಿಗಿಂತ ಸ್ವಲ್ಪ ದೊಡ್ಡದಾಗಿ ಮುರಿದು, ಬೆರಳಲ್ಲಿ ಗುಳಿ ಮಾಡಿ, ಸಾರಲ್ಲಿ ಹೊರಳಿಸಿ ನುಂಗಿ. ಬಿಸಿ ಇರುವಾಗ್ಲೇ ತಿನ್ನಬೇಕು. ಜೂನ್‌ನಲ್ಲಿ ಬಂದ್ರೆ ಮುದ್ದೆಗೆ ಬಸ್ಸಾರು, ಉಪ್ಪುಸಾರು, ಮಸ್ಸೊಪ್ಪು ಕೇಳಿ, ಇವು ಹೋಟೆಲ್‌ಗಿಂತ ಮನೇಲಿ, ಇಲ್ಲಾ ಹೈವೇ ಪಕ್ಕದ ಸಣ್ಣ ಮುದ್ದೆ ಊಟದ ಮನೆಗಳಲ್ಲಿ ಚೆನ್ನಾಗಿರುತ್ತೆ. ಮಾಂಸ ತಿನ್ನೋರಾದ್ರೆ ನಾಟಿಕೋಳಿ ಸಾರು, ನಿಮ್ಮ ಕೋಳಿ ಸುಕ್ಕದ ಮಸಾಲೆ ರುಚಿಗೂ ಇದಕ್ಕೂ ಸಂಬಂಧವೇ ಇಲ್ಲ.

ತುಮಕೂರಿಗೆ ಬೇರೆ ದಿನವೇ ಇಟ್ಕೊಳ್ಳಿ, ಕೋಲಾರ ತುಮಕೂರು ಒಂದೇ ದಿನ ಮಾಡೋಕೆ ಹೋದ್ರೆ ಬೆಂಗಳೂರು ಟ್ರಾಫಿಕ್ ನಡುವೆ ಅರ್ಧ ದಿನ ಹೋಗುತ್ತೆ. ಬೆಳಿಗ್ಗೆ ಬೇಗ ಹೊರಟು ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ, ತಟ್ಟೆಯಷ್ಟೇ ಅಗಲ, ಮೇಲೆ ಬೆಣ್ಣೆ ಉಂಡೆ ಇಟ್ಟು ಕೊಡ್ತಾರೆ, ಅದು ಕರಗಿ ಇಳಿಯೋವರೆಗೂ ಒಂದು ನಿಮಿಷ ತಡೀರಿ. ಅಲ್ಲೇ ಪಕ್ಕದಲ್ಲಿ ಸಿದ್ಧಗಂಗಾ ಮಠ. ಮಧ್ಯಾಹ್ನ ಅಲ್ಲಿ ದಾಸೋಹದ ಊಟಕ್ಕೆ ಕೂತ್ಕೊಳ್ಳಿ ಅಂತ ನಾನು ಯಾರೇ ಬಂದ್ರೂ ಹೇಳ್ತೀನಿ, ಸಾವಿರಾರು ಮಕ್ಕಳಿಗೆ ದಿನಾ ಊಟ ಹಾಕೋ ಜಾಗ ಅದು. ಸಂಜೆ ಕಡೆ ದೇವರಾಯನದುರ್ಗ. ಕೆಳಗೆ ಭೋಗ ನರಸಿಂಹ, ಮೇಲೆ ಯೋಗ ನರಸಿಂಹ, ಮಂಡಿ ನೋವಿದ್ರೆ ಕೆಳಗಿನ ಗುಡಿ ಸಾಕು. ಈ ಬೆಟ್ಟದಲ್ಲಿ ಹುಟ್ಟೋ ಜಯಮಂಗಲಿ ಬಡಗಲಿಗೆ ಹರಿದು ಉತ್ತರ ಪಿನಾಕಿನಿ ಸೇರುತ್ತೆ, ಇಲ್ಲೇ ಹುಟ್ಟೋ ಶಿಂಷಾ ತೆಂಕಲಿಗೆ ಹೋಗಿ ಕಾವೇರಿ ಸೇರುತ್ತೆ. ಜೂನ್‌ನಲ್ಲಿ ಬೆಟ್ಟದ ಕಾಡು ಹಸಿರಾಗಿರುತ್ತೆ, ಆದ್ರೆ ನದಿ ಅಂತ ಹೇಳೋ ಅಷ್ಟು ನೀರು ನಿರೀಕ್ಷೆ ಮಾಡಬೇಡಿ. ನಾಮದ ಚಿಲುಮೆಯಲ್ಲಿ ಬಂಡೆ ನಡುವೆ ಒಂದಿಷ್ಟು ನೀರು, ಅದೇ ನಮಗೆ ತೀರ್ಥ.

ಹಲಸಿನ ಹಣ್ಣು ಇಷ್ಟ ಇದ್ರೆ ಗುಬ್ಬಿ ತಾಲೂಕಿನ ಚೇಳೂರು ಕಡೆ ಹೋಗಬಹುದು. ಸಿದ್ದು ಅನ್ನೋ ಹಲಸು ಅಲ್ಲಿನದೇ, ಸಣ್ಣ ಕಾಯಿ, ತೊಳೆ ತಾಮ್ರದ ಕೆಂಪು. ನಿಮ್ಮ ಕಡೆ ಹಲಸಿನ ರಾಜರೇ ಇದೀರ, ಆದ್ರೂ ಮಳೆ ಕಮ್ಮಿ ಇರೋ ಸೀಮೆ ಹಲಸಿಗೆ ಸಿಹಿ ಜಾಸ್ತಿ, ತಿಂದು ನೋಡಿ ಹೇಳಿ.

ಡಿಸೆಂಬರ್ ಟ್ರಿಪ್ ಇಟ್ಕೊಂಡ್ರೆ ಎರಡು ವಿಷಯ. ಒಂದು ಚಳಿ, ರಾತ್ರಿ ಸಾಮಾನ್ಯವಾಗಿ 12ರಿಂದ 15 ಡಿಗ್ರಿ, ಕೆಲವು ಸಲ ಇನ್ನೂ ಇಳಿಯುತ್ತೆ, ಕರಾವಳಿಯವರಿಗೆ ಸ್ವೆಟರ್ ಬೇಕೇ ಬೇಕು, ಬೆಳಗಿನ ಜಾವದ ಮಂಜಲ್ಲಿ ಹೈವೇ ಡ್ರೈವಿಂಗ್ ಬೇಡ, ಎಂಟು ಗಂಟೆ ಆಗ್ಲಿ. ಇನ್ನೊಂದು, ತಿಂಗಳ ಮೊದಲ ವಾರ ಬೇಡ. ಬಂಗಾಳ ಕೊಲ್ಲೀಲಿ ಸೈಕ್ಲೋನ್ ಎದ್ರೆ ಮೂರು ನಾಲ್ಕು ದಿನ ಮೋಡ ಮುಚ್ಕೊಂಡು ಜಿನುಗ್ತಿರುತ್ತೆ, ಅವರೆ ಹೂ ಉದುರುತ್ತೆ, ಕಾಯಿ ಹಿಂದೆ ಬೀಳುತ್ತೆ. ಕೊನೇ ವಾರದಿಂದ ಸಂಕ್ರಾಂತಿ ಒಳಗೆ ಬನ್ನಿ. ಸಂಕ್ರಾಂತಿ ದಿನವೇ ಇದ್ರಂತೂ ಎಳ್ಳುಬೆಲ್ಲದ ಜೊತೆ ಬೇಯಿಸಿದ ಅವರೆಕಾಯಿ, ಗೆಣಸು, ಕಡ್ಲೇಕಾಯಿ, ಸಂಜೆ ಹಳ್ಳೀಲಿ ದನಗಳಿಗೆ ಕಿಚ್ಚು ಹಾಯಿಸೋದೂ ಸಿಗುತ್ತೆ. ಬರೋ ಮುಂಚೆ ಮಗಳಿಗೆ ಹೇಳಿ ಯಾವುದಾದ್ರೂ ಸಂತೇಲಿ ಅವರೆಕಾಯಿ ರೇಟು ವಿಚಾರಿಸಿ ಅನ್ನಿ. ರೇಟು ಇಳಿದಿದೆ ಅಂದ್ರೆ ಹೊಲದ ಕಾಯಿ ಬರೋಕೆ ಶುರುವಾಗಿದೆ ಅಂತ ಅರ್ಥ, ಟಿಕೆಟ್ ಬುಕ್ ಮಾಡಿ.